ಓನರ್ ಮನೆಯ ಕಂಪ್ಯೂಟರು, ನಮ್ಮ ಮನೆಯ ಬಿಸಿನೀರು

ಬಾಡಿಗೆ ಮನೆ ನೋಡಲು ಹೋದವರು ಮೊದಲು ನೀರಿನ ವಿಷಯ ಕೇಳುತ್ತಾರೆ. ಕಾವೇರಿಯೋ ಬೋರೋ, ದಿನಾ ಬರುತ್ತದೋ ದಿನ ಬಿಟ್ಟು ದಿನವೋ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವವರು ಯಾರು, ಇಂಥವು. ನಾನು ಅದನ್ನೆಲ್ಲ ಗಂಡನಿಗೆ ಬಿಟ್ಟು ನೆಟ್ಟಗೆ ಬಚ್ಚಲಮನೆಯ ಕಡೆ ಹೋಗುತ್ತೇನೆ. ಗೀಸರಿನ ಸ್ವಿಚ್ಚು ಎಲ್ಲಿದೆ ಎಂದು ಹುಡುಕಿ, ಅದರ ಒಳಗೆ ಬೇರೆ ಏನಾದರೂ ಕೂರಿಸಿದ್ದೀರಾ ಎಂದು ಕೇಳುತ್ತೇನೆ. ಹೊರಮಾವಿನ ಈಗಿನ ಮನೆಯ ಓನರ್ ನನ್ನ ಪ್ರಶ್ನೆ ಕೇಳಿ ಕಕ್ಕಾಬಿಕ್ಕಿಯಾಗಿ, "ಒಳಗೆ ಏನಮ್ಮ ಇರತ್ತೆ, ವೈರು" ಅಂದರು. ಆ ಒಂದು ಮಾತಿಗೇ ನಾನು ಮನೆ ಒಪ್ಪಿದೆ. ಬಚ್ಚಲಿನ ಟೈಲ್ಸ್ ಒಡೆದಿತ್ತು, ಕಿಟಕಿ ಪೂರ್ತಿ ಮುಚ್ಚಲು ಬರುತ್ತಿರಲಿಲ್ಲ. ಅದೆಲ್ಲ ನನಗೆ ದೊಡ್ಡದಾಗಿ ಕಾಣಲಿಲ್ಲ.

ಇದಕ್ಕೆ ಮುಂಚೆ ನಾವಿದ್ದದ್ದು ರಾಮಮೂರ್ತಿ ನಗರದಲ್ಲಿ. ಕೆಳಗೆ ಎರಡು ಮನೆ, ನಡುವೆ ನಾವು, ಮೇಲೆ ಓನರ್ ದಂಪತಿ. ಓನರ್ ಅಂಕಲ್ ಯಾವುದೋ ಕಾರ್ಖಾನೆಯಲ್ಲಿ ಮೆಷಿನ್‌ಗಳ ನಡುವೆಯೇ ಆಯುಸ್ಸು ಕಳೆದು ರಿಟೈರ್ ಆದವರು. ಮನೆಗೆ ಬಂದು ಕೂತ ಮೇಲೆ ಕೈಗೆ ತಿರುಗಿಸಲು ಏನೂ ಸಿಗಲಿಲ್ಲ. ಅದಕ್ಕೆ ನಮ್ಮನ್ನು ತಿರುಗಿಸಲು ಹಿಡಿದರು.

ಶುರುವಾದದ್ದು ಕೆಳಗಿನ ಮನೆಯವರಿಂದ. ಅವರು ಹಬ್ಬಕ್ಕೆ ಊರಿಗೆ ಹೋಗುವ ಗಡಿಬಿಡಿಯಲ್ಲಿ ಗೀಸರ್ ಆರಿಸುವುದನ್ನು ಮರೆತರು. ಅದು ಉರಿದು, ಹೊಗೆ ಬಂದು, ಅಂಕಲ್ ಬೀಗ ಒಡೆಸಿ ಒಳಗೆ ಹೋಗಬೇಕಾಯಿತು. ಅಲ್ಲಿಂದ ಅಂಕಲ್‌ಗೆ ಹುಚ್ಚು ಹಿಡಿಯಿತು. ಹಾಲ್‌ನ ಮೂಲೆಯಲ್ಲಿ, ಟಿವಿಯ ಪಕ್ಕದಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ವಿಡಿಯೋ ನೋಡಿ ನೋಡಿ ಕಲಿತರು. ಬೆಂಕಿಪೊಟ್ಟಣದ ಗಾತ್ರದ ಬಿಳಿ ಡಬ್ಬಿಗಳು ಕೊರಿಯರ್‌ನಲ್ಲಿ ಬರತೊಡಗಿದವು. ಮೊದಲು ಗೇಟಿನ ಲೈಟಿಗೆ ಒಂದು, ಆಮೇಲೆ ಮೆಟ್ಟಿಲ ಬಲ್ಬಿಗೆ, ನೀರಿನ ಮೋಟರ್‌ಗೆ, ನಮ್ಮೆಲ್ಲರ ಬಾಗಿಲ ಮುಂದಿನ ದೀಪಗಳಿಗೆ. ಕೊನೆಗೆ ಪ್ರತಿ ಮನೆಯ ಗೀಸರಿನ ಸ್ವಿಚ್ ಬೋರ್ಡಿನ ಒಳಗೂ ಒಂದೊಂದು. ಎಲ್ಲವೂ ಮೇಲಿನ ಕಂಪ್ಯೂಟರಿನ ಮಾತು ಕೇಳುತ್ತಿದ್ದವು. "ನಿಮ್ ಸೇಫ್ಟಿಗೇ ಅಮ್ಮ" ಅಂದರು ಅಂಕಲ್. ನನ್ನ ಗಂಡನಿಗಂತೂ ಖುಷಿಯೋ ಖುಷಿ. "ಸ್ಮಾರ್ಟ್ ಹೋಮು ಕಣೇ! ದೊಡ್ ದೊಡ್ ಅಪಾರ್ಟ್‌ಮೆಂಟಲ್ಲಿ ಇರೋ ಸೌಕರ್ಯ, ನಮಗೆ ಪುಕ್ಕಟೆ."

ಪುಕ್ಕಟೆ ಸಿಕ್ಕಿದ್ದೇನು ಅಂತ ನನಗೆ ಬೇಗ ತಿಳಿಯಿತು. ಸಂಜೆ ದೇವರ ದೀಪ ಹಚ್ಚಿ, ಆಮೇಲೆ ಬಾಗಿಲ ಮುಂದಿನ ಲೈಟ್ ಹಾಕಿ ಕೈಮುಗಿಯುವುದು ನನ್ನ ಅಭ್ಯಾಸ. ಈಗ ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಆ ಲೈಟ್ ತನ್ನಷ್ಟಕ್ಕೆ ಹತ್ತಿಕೊಂಡು ಕೂತಿರುತ್ತಿತ್ತು. ಮೆಟ್ಟಿಲ ಮೇಲೆ ನಿಂತು ಕೆಳಗಿನ ಮನೆಯವಳ ಜೊತೆ ನಾಲ್ಕು ಮಾತಾಡುತ್ತಿದ್ದರೆ ಬಲ್ಬು ಆರಿ ಮತ್ತೆ ಹತ್ತುತ್ತಿತ್ತು. ಮಾತು ಸಾಕು, ಒಳಗೆ ಹೋಗಿ ಎಂದು ಅರ್ಥ. ನಾವು ಇಬ್ಬರೂ ಶಾಲೆಯ ಮಕ್ಕಳ ಹಾಗೆ ಒಳಗೆ ಹೋಗುತ್ತಿದ್ದೆವು. ಆಗೆಲ್ಲ ನಗು ಬರುತ್ತಿತ್ತು.

ನಗು ನಿಂತದ್ದು ಒಂದು ಶುಕ್ರವಾರ ಬೆಳಿಗ್ಗೆ. ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕೂತಿದ್ದೇನೆ, ನಲ್ಲಿಯಲ್ಲಿ ಬರುತ್ತಿದ್ದ ಬಿಸಿನೀರು ತಣ್ಣಗಾಯಿತು. ಹೊರಗೆ ಕೈ ಹಾಕಿ ಸ್ವಿಚ್ ಒತ್ತಿದೆ, ಗೀಸರ್ ಹತ್ತಲಿಲ್ಲ. ಕಣ್ಣಿಗೆಲ್ಲ ಸೀಗೆ ಇಳಿದು ಉರಿಯುತ್ತಿತ್ತು. ಹೇಗೋ ತಣ್ಣೀರು ಸುರಿದುಕೊಂಡು, ಟವೆಲ್ ಸುತ್ತಿಕೊಂಡು ಮೇಲೆ ಫೋನ್ ಮಾಡಿದರೆ ಎತ್ತಿದ್ದು ಓನರ್ ಆಂಟಿ.

"ಅಯ್ಯೋ, ಇನ್ನೂ ಸ್ನಾನ ಮಾಡ್ತಿದ್ರಾ? ಇಷ್ಟೊತ್ತು ಯಾರಾದ್ರೂ ಮಾಡ್ತಾರಾ! ಮರ್ತ್ ಹೋಗ್ಬಿಟ್ಟಿದ್ದೀರ ಅಂದ್ಕೊಂಡು ನಾನೇ ಆಫ್ ಮಾಡ್ದೆ."

ಕಂಪ್ಯೂಟರ್ ನಡೆಸುವುದು ಅಂಕಲ್ ಎಂದು ನಾವೆಲ್ಲ ತಿಳಿದಿದ್ದೆವು. ಅವರು ಹಾಕಿ ಕೊಟ್ಟದ್ದು ಮಾತ್ರ. ದಿನವಿಡೀ ಅದರ ಮುಂದೆ ಕೂರುತ್ತಿದ್ದದ್ದು ಆಂಟಿ. ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಅವರೆಕಾಳು ಹಿಚುಕುವುದು ಎಲ್ಲವೂ ಅಲ್ಲೇ. ಮುಂಚೆ ಈ ಕೆಲಸಗಳನ್ನು ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುತ್ತ ಮಾಡುತ್ತಿದ್ದರು. ಈಗ ರಸ್ತೆ ಸಪ್ಪೆಯಾಗಿತ್ತು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಆಂಟಿ ಕೆಳಗಿನ ಎರಡೂ ಮನೆಯವರನ್ನು ಅರಿಶಿನ ಕುಂಕುಮಕ್ಕೆ ಕರೆದರು. ನಮ್ಮ ಬಾಗಿಲು ದಾಟಿಯೇ ಕೆಳಗೆ ಹೋಗಬೇಕು, ದಾಟಿ ಹೋದರು, ತಿರುಗಿ ನೋಡಲಿಲ್ಲ. ಮಕ್ಕಳಿಲ್ಲದವಳು ಅಂತ ಬಿಟ್ಟರೇನೋ ಎಂದುಕೊಂಡೆ. ಮದುವೆಯಾಗಿ ವರ್ಷಗಳು ಕಳೆದಿದ್ದವು. ಒಮ್ಮೆ ಬಸಿರು ನಿಂತದ್ದು ಎರಡು ತಿಂಗಳಿಗೇ ಹೋಗಿತ್ತು. ಅದನ್ನು ಊರೆಲ್ಲ ಹೇಳಿಕೊಂಡು ಬಂದಮೇಲೆ ಹೋಗಿತ್ತು ಎಂಬುದು ಅದಕ್ಕಿಂತ ದೊಡ್ಡ ಸಂಕಟ. ಒಬ್ಬೊಬ್ಬರಿಗೂ ಮತ್ತೆ ಇಲ್ಲ, ಇಲ್ಲ ಎಂದು ಹೇಳುತ್ತ ಬರಬೇಕಾಯಿತು.

ಹಬ್ಬ ಮುಗಿದ ಮೇಲೆ ಮೋಟರ್ ವಿಷಯಕ್ಕೆ ಮೇಲೆ ಹೋದಾಗ ಆಂಟಿ ತಾವಾಗಿಯೇ ಮಾತೆತ್ತಿದರು. "ಬೇಜಾರ್ ಮಾಡ್ಕೋಬೇಡಿ ಅಮ್ಮ. ಹಬ್ಬದ ದಿನ ನೀವು ಹೊರಗಿರ್ತೀರ ಅಂತ ಗೊತ್ತಿತ್ತು, ಅದಕ್ಕೆ ಕರೀಲಿಲ್ಲ. ಕರೆದ್ ಮೇಲೆ ಬರಲ್ಲ ಅನ್ನೋದು ನಿಮಗೂ ಮುಜುಗರ ಅಲ್ವಾ?"

"ನಿಮಗೆ ಹೇಗ್ ಗೊತ್ತು?"

ಆಂಟಿ ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯಿಂದಲೇ ಪರದೆಯನ್ನು ತೋರಿಸಿದರು. ಒಂದೊಂದು ಮನೆಗೆ ಒಂದೊಂದು ಬಣ್ಣದ ಕಂಬಗಳು, ನಮ್ಮದು ಹಸಿರು. ಗೀಸರ್ ಹೆಚ್ಚು ಹೊತ್ತು ಉರಿದ ದಿನ ಕಂಬ ಎತ್ತರ, ಬೇಗ ಆರಿಸಿದ ದಿನ ಗಿಡ್ಡ. "ಶುಕ್ರವಾರದ್ದು ತಲೆಸ್ನಾನ, ಅದು ಬಿಡಿ. ಈ ಕಡೆ ನೋಡಿ, ವಾರದ ಮಧ್ಯೆ, ಬೆಳಗಿನ ಜಾವ, ಇಷ್ಟೆತ್ತರ. ಅದು ನಿಮ್ ನಾಲ್ಕನೇ ದಿನದ್ದು, ಬಟ್ಟೆಗಿಟ್ಟೆ ಎಲ್ಲ ಬಿಸಿನೀರಲ್ಲಿ ಒಗೆದಿರ್ತೀರ. ಅಲ್ಲಿಂದ ಎಣಿಸ್ಕೊಂಡು ಬಂದ್ರೆ ಹಬ್ಬದ ದಿನಕ್ಕೇ ಬಂತು." ಅಂಕಲ್ ಅಲ್ಲೇ ಸೋಫಾದಲ್ಲಿ ಪೇಪರ್ ಓದುತ್ತಿದ್ದರು. ಪೇಪರ್ ಕೆಳಗಿಳಿಯಲಿಲ್ಲ.

ಆಂಟಿ ಹೇಳಿದ್ದು ನಿಜವಾಗಿತ್ತು. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಮೆಟ್ಟಿಲು ಇಳಿದು ಬರುವಾಗ ಮೈಮೇಲೆ ಹುಳ ಹರಿದಂತೆ ಅನಿಸಿತು. ಸ್ನಾನ ಮಾಡಬೇಕು ಅನಿಸಿತು, ಸ್ನಾನ ಮಾಡಿದರೆ ಅದೂ ಮೇಲೆ ಕಾಣುತ್ತದೆ ಎಂದು ಹೊಳೆದು ಸುಮ್ಮನೆ ಕೂತೆ. ಥೂ! ಆ ಮೂರು ದಿನ ನಾನು ಹೊಸ್ತಿಲಿಗೆ ರಂಗೋಲಿ ಇಡುವುದಿಲ್ಲ, ಅದನ್ನು ದಾರಿಯಲ್ಲಿ ಹೋಗುವವರು ಯಾರು ಬೇಕಾದರೂ ನೋಡಬಹುದು. ನಮ್ಮ ಅಜ್ಜಿಯ ಕಾಲದಿಂದಲೂ ನೋಡಿದ್ದಾರೆ, ತಿಳಿದುಕೊಂಡಿದ್ದಾರೆ, ಬಾಯಿ ಮುಚ್ಚಿಕೊಂಡಿದ್ದಾರೆ. ಹೊಸ್ತಿಲು ಹೊರಗಿನವರದೂ ಹೌದು. ಬಚ್ಚಲು ನನ್ನದು. ಚಿಲಕ ಹಾಕಿಕೊಂಡ ಮೇಲೆ ಗಂಡನೂ ತಟ್ಟಿ ಕರೆಯುವ ಜಾಗ ಅದು.

ಗಂಡನಿಗೆ ಹೇಳಿದರೆ ಅವನ ಮುಖ ಕೆಂಪಾಯಿತು, ಆದರೆ ಕೋಪಕ್ಕಲ್ಲ, ನಾಚಿಕೆಗೆ. "ಇಂಥ ವಿಷಯ ನಾನ್ ಹೋಗಿ ಅಂಕಲ್ ಹತ್ರ ಹೇಗ್ ಮಾತಾಡ್ಲಿ? ವಯಸ್ಸಾದವ್ರು, ಬಿಡು." ಅವನು ಗರುಡಾಚಾರ್‌ಪಾಳ್ಯದ ಒಂದು ಯೂನಿಟ್‌ನಲ್ಲಿ ಸೂಪರ್‌ವೈಸರ್. ಅಲ್ಲಿ ಗಂಡಸರ ಮೇಲೆ ಕೂಗಾಡಿ ಬರುವವನಿಗೆ ಇಲ್ಲಿ ಒಂದು ಡಬ್ಬಿ ಕಿತ್ತುಹಾಕಿ ಅನ್ನಲು ಬಾಯಿ ಬರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನಾನು ಕೆಲಸ ಮಾಡುತ್ತಿದ್ದದ್ದು ಶಿವಾಜಿನಗರದ ಒಂದು ಬಟ್ಟೆ ಅಂಗಡಿಯಲ್ಲಿ, ಬಿಲ್ಲಿಂಗ್ ಕೌಂಟರ್‌ನಲ್ಲಿ. ಪಕ್ಕದ ಕೌಂಟರ್‌ನಲ್ಲಿ ಕೂರುತ್ತಿದ್ದವರನ್ನು ಎಲ್ಲರೂ ಆಪಾ ಎನ್ನುತ್ತಿದ್ದರು. ಅಲ್ಲೇ ಹಿಂದಿನ ಗಲ್ಲಿಯವರು, ನನಗಿಂತ ತುಂಬ ಹಿರಿಯರು, ಬಾಯಿ ಜೋರು. ಊಟದ ಹೊತ್ತಿನಲ್ಲಿ ಅವರಿಗೆ ಎಲ್ಲ ಹೇಳಿದೆ. ಆಪಾ ಕೆನ್ನೆ ಕೆನ್ನೆ ಬಡಿದುಕೊಂಡರು. "ತೌಬಾ ತೌಬಾ! ನಮ್ಮಲ್ಲಿ ಗಂಡಂಗೇ ಬಾಯ್ಬಿಟ್ಟು ಹೇಳಲ್ಲ, ಅವ್ನೇ ಗೊತ್ತು ಮಾಡ್ಕೋಬೇಕು. ಓನರ್‌ಗೆ ಲೆಕ್ಕ ಇದ್ಯಾ? ಒಂದ್ ಕೆಲ್ಸ ಮಾಡು. ಹೊತ್ತು ಗೊತ್ತು ಇಲ್ದೆ ಗೀಸರ್ ಹಾಕ್ತಾ ಇರು. ನೋಡ್ಕೊಂಡ್ ಸಾಯ್ಲಿ ಆ ಬುಡ್ಢಿ."

ಹಾಗೇ ಮಾಡಿದೆ. ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಮನಸ್ಸು ಬಂದಾಗಲೆಲ್ಲ ಗೀಸರ್ ಹಾಕಿದೆ, ಬಿಸಿನೀರಲ್ಲಿ ಕಾಲೊರಸು ತೊಳೆದೆ, ಬಕೆಟ್ಟು ತೊಳೆದೆ, ತೊಳೆದ ಬಕೆಟ್ಟನ್ನೇ ಮತ್ತೆ ತೊಳೆದೆ. ಸಂಜೆ ಬಾಗಿಲು ಬಡಿಯಿತು. ಆಂಟಿ ಹೊಸ್ತಿಲಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದರು, ಸೆರಗು ಬಿಗಿಯಾಗಿ ಹೊದ್ದು, ಮುಖ ಸಣ್ಣದು ಮಾಡಿಕೊಂಡು.

"ಯಾರ್ ಹೋದ್ರಮ್ಮ?"

ನನಗೆ ಅರ್ಥವಾಗಲಿಲ್ಲ.

"ಅಲ್ಲ, ಬೆಳಗ್ಗಿಂದ ಒಬ್ಬರಾದ್ಮೇಲೆ ಒಬ್ರು ಸ್ನಾನ ಮಾಡ್ತಾನೇ ಇದ್ದೀರಲ್ಲ. ಸೂತಕನಾ? ಹೇಳ್ಬಿಡಿ, ನಾಳೆ ನಮ್ಮನೇಲಿ ಪೂಜೆ ಇದೆ. ಮೆಟ್ಟಿಲು ಮುಟ್ಕೊಂಡ್ ಓಡಾಡ್ತೀವಿ."

ಇಬ್ಬರೇ ಇರುವ ಮನೆಯಲ್ಲಿ ಇಷ್ಟೊಂದು ಸ್ನಾನವಾಗಬೇಕಾದರೆ ಸಾವೇ ಆಗಿರಬೇಕು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಯಾರೂ ಸತ್ತಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಯಿತು. ಮಾರನೇ ದಿನ ಆಪಾ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಆ ಆಟ ಅಲ್ಲಿಗೇ ಬಿಟ್ಟೆ. ಕದಿಯುವವರು ಅವರು, ಕಳ್ಳಿಯ ಹಾಗೆ ಬದುಕುವವಳು ನಾನೇಕೆ ಎಂದು ಮೊದಲಿನ ಹಾಗೇ ಇರತೊಡಗಿದೆ. ಬೇರೆ ಮನೆ ನೋಡೋಣ ಎಂದು ಗಂಡನ ಬೆನ್ನು ಹತ್ತಿದೆ. ಅವನು ನೋಡೋಣ ನೋಡೋಣ ಅನ್ನುತ್ತಿದ್ದ.

ಆ ಮಳೆಗಾಲ ಕಳೆದ ಮೇಲೆ ಒಂದು ತಿಂಗಳು ನನ್ನ ದಿನ ದಾಟಿತು. ವಾರ ಕಳೆದರೂ ಯಾರಿಗೂ ಹೇಳಲಿಲ್ಲ. ಮನೆಯ ಹತ್ತಿರದ ಮೆಡಿಕಲ್ ಸ್ಟೋರ್‌ನವನು ಎಲ್ಲರಿಗೂ ಪರಿಚಯ ಎಂದು ಶಿವಾಜಿನಗರದಲ್ಲೇ ಬಸುರಿನ ಪರೀಕ್ಷೆಯ ಪಟ್ಟಿ ಕೊಂಡು, ಅಂಗಡಿಯ ಬಾತ್‌ರೂಮಿನಲ್ಲೇ ನೋಡಿದೆ. ಎರಡು ಗೆರೆ. ಹೊರಗೆ ಬಂದು ಬಿಲ್ ಮಾಡುತ್ತ ಒಬ್ಬ ಗಿರಾಕಿಗೆ ಇನ್ನೊಬ್ಬರ ಸೀರೆ ಕಟ್ಟಿ ಕೊಟ್ಟುಬಿಟ್ಟೆ.

ಈ ಸಲ ನನ್ನದು ಒಂದೇ ಹಟ. ಡಾಕ್ಟರ್ ಎದೆಬಡಿತ ಕೇಳಿಸಿದೆ ಅನ್ನುವವರೆಗೆ ಯಾರಿಗೂ ಹೇಳಬಾರದು. ಹೇಳುವಾಗ ಮೊದಲು ಗಂಡನಿಗೆ, ಅದೂ ನಾನೇ, ನನ್ನ ಬಾಯಿಂದಲೇ. ಹೇಗೆ ಹೇಳುವುದು ಎಂದು ಬಸ್ಸಿನಲ್ಲಿ ನಿಂತು ಲೆಕ್ಕ ಹಾಕುತ್ತಿದ್ದೆ. ಹಲಸೂರು ಕೆರೆಯ ಹತ್ತಿರ ಇಬ್ಬರೂ ಇಳಿದು ಸ್ವಲ್ಪ ದೂರ ನಡೆಯುವುದು, ಚುರುಮುರಿ ತೆಗೆದುಕೊಳ್ಳುವುದು, ಅವನ ಬಾಯಿ ತುಂಬ ಚುರುಮುರಿ ಇರುವಾಗ ಹೇಳುವುದು. ತಕ್ಷಣ ಮಾತಾಡಲು ಆಗದೆ ಒದ್ದಾಡುವ ಅವನ ಮುಖ ನೋಡಬೇಕಿತ್ತು ನನಗೆ. ದೊಡ್ಡ ಆಸೆಯೇನಲ್ಲ.

ಒಂದು ಸಂಜೆ ಕೆಲಸದಿಂದ ಬಂದರೆ ಗಂಡ ಆಗಲೇ ಮನೆಯಲ್ಲಿದ್ದ. ಶೂ ಕೂಡ ಬಿಚ್ಚಿರಲಿಲ್ಲ. ಅವನ ಮುಖದಲ್ಲಿ ನಗುವೂ ಇತ್ತು, ನೋವೂ ಇತ್ತು.

"ಅಮ್ಮ ಫೋನ್ ಮಾಡಿದ್ಳು. ಅಳ್ತಾ ಇದ್ಳು, ಖುಷಿಗೆ. ಮೇಲಿನ ಆಂಟಿ ಹೇಳಿದ್ರಂತೆ." ಬಗ್ಗಿ ಶೂ ಬಿಚ್ಚುತ್ತ ಕೇಳಿದ, "ಆಂಟಿಗೆ ಹೇಳಿದ್ದೀಯ, ನಂಗ್ಯಾಕೇ ಹೇಳಿಲ್ಲ?"

ನಾನು ಹೇಳಿಲ್ಲ ಎಂದು ಅವನಿಗೆ ನಂಬಿಸಲು ದೇವರ ಮೇಲೆ ಆಣೆ ಇಡಬೇಕಾಯಿತು. ಎತ್ತರದ ಹಸಿರು ಕಂಬ ಬರಬೇಕಾದ ವಾರದಲ್ಲಿ ಬಂದಿರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಆಂಟಿಗೆ ಅಷ್ಟು ಸಾಕಾಗಿತ್ತು. ಹಿಂದೊಮ್ಮೆ ನಮ್ಮ ಅತ್ತೆ ಮಾಲೂರಿನಿಂದ ಬಂದಿದ್ದಾಗ ಇಬ್ಬರೂ ಫೋನ್ ನಂಬರ್ ಬದಲಾಯಿಸಿಕೊಂಡಿದ್ದರು. ನನ್ನ ಹೊಟ್ಟೆಯ ಸುದ್ದಿ ನನ್ನ ಬಾಯಿ ತಪ್ಪಿಸಿ, ಮೇಲಿನ ಮನೆಯಿಂದ ಮಾಲೂರಿಗೆ ಹೋಗಿ, ಮಾಲೂರಿಂದ ಗರುಡಾಚಾರ್‌ಪಾಳ್ಯಕ್ಕೆ ಬಂದು, ಕೊನೆಗೆ ನನಗೇ ತಲುಪಿತ್ತು.

ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೇಲೆ ಹೋದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. ನಿಮಗೆ ಹೇಸಿಗೆ ಅನ್ಸಲ್ವಾ ಎಂದು ಕೇಳಿದ್ದು ನೆನಪಿದೆ. ಅಂಕಲ್ ಕನ್ನಡಕ ತೆಗೆದು ಒರೆಸುತ್ತ, "ಕಂಪ್ಯೂಟರ್‌ಗೆ ಏನ್ ಗೊತ್ತಮ್ಮ, ಅದು ಕರೆಂಟ್ ನೋಡತ್ತೆ ಅಷ್ಟೆ" ಅಂದರು.

"ಅಂಕಲ್, ಫೋನ್ ಮಾಡಿದ್ದು ಕಂಪ್ಯೂಟರ್ ಅಲ್ಲ."

ಆಂಟಿಗೆ ನಿಜವಾಗಿಯೂ ನೋವಾಗಿತ್ತು. "ಕೆಟ್ ಸುದ್ದಿ ಹೇಳಿದ್ನಾ? ಒಳ್ಳೇದೇ ಅಲ್ವಾ ಹೇಳಿದ್ದು? ನಮ್ಮನೆ ಮಗಳು ಅಂದ್ಕೊಂಡು ಹೇಳ್ದೆ. ಬಾಯಿ ಸಿಹಿ ಮಾಡ್ಕೊಂಡ್ ಹೋಗಿ." ಡಬ್ಬಿಯಿಂದ ಒಂದು ಬರ್ಫಿ ತೆಗೆದು ನನ್ನ ಬಾಯಿಯ ಹತ್ತಿರ ತಂದರು. ನನಗೆ ಹೊಟ್ಟೆ ತೊಳಸಿ ಬಂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೆಳಗೆ ಓಡಿ ಬಂದೆ. ಹಿಂದಿನಿಂದ ಆಂಟಿ ಸಂಭ್ರಮದಿಂದ ಅನ್ನುತ್ತಿದ್ದರು, "ನೋಡಿ ನೋಡಿ, ಆಗ್ಲೇ ವಾಕರಿಕೆ ಶುರುವಾಗಿದೆ." ಇಂಥವರಿಗೆ ಬೈದರೂ ಅದು ಬಸುರಿನ ಲಕ್ಷಣವೇ ಆಗಿಬಿಡುತ್ತದೆ.

ಮಾರನೇ ದಿನ ಅತ್ತೆ ರೈಲಿನಲ್ಲಿ ಕೆ.ಆರ್. ಪುರಂಗೆ ಬಂದಿಳಿದರು. ಹುಣಸೆ ತೊಕ್ಕು, ತುಪ್ಪ, ಬೇಯಿಸಿದ ಕಡಲೆಕಾಯಿ, ಒಂದು ಚೀಲ ನೆಲ್ಲಿಕಾಯಿ. ಅವರು ಬೈಯಲಿಲ್ಲ. "ನೀನ್ ಹೇಳಿದ್ರೆ ಚೆಂದಾಗಿರ್ತಿತ್ತು ಕಣಮ್ಮ" ಎಂದಷ್ಟೇ ಅಂದರು. ಗೀಸರಿನ ಕಥೆ ಹೇಳಿದಾಗ ಸ್ವಿಚ್ ಬೋರ್ಡಿನ ಮುಂದೆ ನಿಂತು ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅದಕ್ಕೆ ಬೆನ್ನು ಮಾಡಿ ಮುದ್ದೆಗೆ ಎಸರಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿಂದಿನ ಸಲ ಅದು ನಮ್ಮನ್ನು ಸುಟ್ಟಿತ್ತು. ಮೇಲಿನವರು ಈ ಸಲ ಕುಲಾವಿ ಹೊಲಿದು, ಕೆಳಗಿನ ಎರಡು ಮನೆಗೂ ಎದುರಿನ ಕಿರಾಣಿ ಅಂಗಡಿಗೂ ತೋರಿಸಿ ಬಂದಿದ್ದರು. ಮೊಸರು ತರಲು ಹೋದರೆ ಅಂಗಡಿಯವನು ಹುಳಿ ಮೊಸರು ಬೇಕಾ ಅಕ್ಕ ಎಂದು ನಗುತ್ತಿದ್ದ.

ಎದೆಬಡಿತ ಕೇಳಿಸಲೇ ಇಲ್ಲ. ಹಲಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಮತ್ತೆ ಮತ್ತೆ ನೋಡಿದರು. ಆಮೇಲೆ ನನ್ನ ಕೈ ಹಿಡಿದರು. ಆಗಬೇಕಾದದ್ದು ಅಲ್ಲೇ ಆಯಿತು. ಕೆರೆಯ ಪಕ್ಕದಲ್ಲೇ ಆಟೋದಲ್ಲಿ ಮನೆಗೆ ಬಂದೆವು. ಮನೆಯ ಮುಂದೆ ಇಳಿದಾಗ ನಮ್ಮ ಬಾಗಿಲ ದೀಪ ತಾನಾಗಿಯೇ ಹತ್ತಿತು. ನಾವು ಬಂದದ್ದು ಮೇಲೆ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅತ್ತೆ, "ಏಳಮ್ಮ, ತಲೆಗ್ ನೀರ್ ಹಾಕ್ತೀನಿ, ಮೈ ಹಗುರಾಗ್ತೈತೆ" ಅಂದು ಗೀಸರಿನ ಸ್ವಿಚ್ಚಿಗೆ ಕೈ ಹಾಕಿದರು. ನಾನು ಅವರ ಕೈ ಹಿಡಿದುಕೊಂಡೆ. ಬೇಡ ಅತ್ತೆ, ತಣ್ಣೀರೇ ಸಾಕು ಅಂದೆ. ಎತ್ತರದ ಹಸಿರು ಕಂಬ ಏಳುತ್ತದೆ, ಸೊಪ್ಪು ಬಿಡಿಸುತ್ತ ಆಂಟಿ ಓದುತ್ತಾರೆ, ನಾನು ತಲೆ ಒರೆಸಿಕೊಳ್ಳುವ ಮುಂಚೆಯೇ ಅಯ್ಯೋ ಪಾಪ ಎಂದು ಬಾಗಿಲಿಗೆ ಬರುತ್ತಾರೆ. ಆಮೇಲೆ ಕೆಳಗಿನ ಮನೆಗೆ, ಅಂಗಡಿಗೆ. ಬಂದ ಸುದ್ದಿಯನ್ನಂತೂ ಕಿತ್ತುಕೊಂಡರು. ಹೋದದ್ದನ್ನು ನಾನು ಅವರಿಗೆ ಕೊಡಲು ಸಿದ್ಧಳಿರಲಿಲ್ಲ. ಇಷ್ಟನ್ನೂ ಬಿಡಿಸಿ ಹೇಳಲು ಬಾಯಿ ಬರಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ.

"ಮೇಲಿನವ್ರಿಗೆ ಗೊತ್ತಾಗ್ಬಾರ್ದು, ಅಷ್ಟೇ ತಾನೆ? ಒಲೆ ಐತಲ್ಲ" ಅಂದರು ಅತ್ತೆ.

ಮುದ್ದೆ ಪಾತ್ರೆಯಲ್ಲಿ ನೀರು ಕಾಯಿಸಿದರು, ಕುಕ್ಕರಿನಲ್ಲಿ ಕಾಯಿಸಿದರು, ಹಾಲಿನ ಪಾತ್ರೆಯನ್ನೂ ಬಿಡಲಿಲ್ಲ. ಮಂಡಿ ನೋವಿನ ಹೆಂಗಸು ಬಟ್ಟೆ ಹಿಡಿದು ಒಂದೊಂದನ್ನೇ ಬಚ್ಚಲಿಗೆ ತಂದು ಬಕೆಟ್ಟಿಗೆ ಸುರಿದರು. ನನ್ನನ್ನು ಮಣೆಯ ಮೇಲೆ ಕೂರಿಸಿ ಚೊಂಬಿನಿಂದ ತಲೆಗೆ ಹುಯ್ಯುತ್ತಿದ್ದಾಗ ಬಾಗಿಲು ತಟ್ಟಿದ ಸದ್ದು ಕೇಳಿತು. ಅತ್ತೆ ಚೊಂಬು ಹಿಡಿದುಕೊಂಡೇ ಹೋಗಿ ಅರ್ಧ ಬಾಗಿಲು ತೆರೆದರು. ಆಂಟಿಯ ಮಾತು ಬಚ್ಚಲಿನವರೆಗೆ ಸ್ಪಷ್ಟವಾಗಿ ಬರುತ್ತಿತ್ತು.

"ಏನ್ ಅಜ್ಜಿ ಆಗೋರೇ, ಸೊಸೆ ಇನ್ನೂ ಎದ್ದಿಲ್ವಾ? ಇವತ್ತು ಗೀಸರೇ ಹಾಕಿಲ್ಲ! ಸುಸ್ತಿರತ್ತೆ ಬಿಡಿ, ಈ ಟೈಮಲ್ಲಿ ಎಲ್ಲಾರ್ಗೂ ಹಾಗೇ. ಎಬ್ಬಿಸ್ಬೇಡಿ, ಮಲಗ್ಲಿ."

"ಹೂಂ, ಮಲಗವ್ಳೆ" ಅಂದರು ಅತ್ತೆ.

ಬಾಗಿಲು ಹಾಕಿ ಚಿಲಕ ಜಡಿದು ಬಂದು, ಉಳಿದಿದ್ದ ಬಿಸಿನೀರನ್ನು ಸದ್ದಾಗದ ಹಾಗೆ ನನ್ನ ತಲೆಯ ಮೇಲೆ ಹುಯ್ದರು. ಮೇಲಿನ ಮನೆಯ ಕಂಪ್ಯೂಟರಿನಲ್ಲಿ ನಾನು ಆವತ್ತೂ ಬಸುರಿಯಾಗಿಯೇ ಇದ್ದೆ.